ಆಲದ ಮರದ ಗಂಟು

ಜೂನ್ ೪

ಇವತ್ತು ಕಾಫಿ ಏಳೂವರೆಗೆ ಬಂತು. ಯಾಕೆ ಇಷ್ಟು ಹೊತ್ತು ಅಂತ ಕೇಳಿದರೆ, "ಚಂದ್ರಿಗೆ ನೀರು ಕುಡಿಸ್ತಿದ್ದೆ. ನಿಮ್ ಹೊಟ್ಟೇಲೂ ಕರು ಐತಾ, ಓಡ್ಬಂದು ಕೊಡಕ್ಕೆ?" ಅಂತಾಳೆ ಇಂದ್ರಿ. ಕಾರ್ಖಾನೆಯಲ್ಲಿ ಜೀವಮಾನವಿಡೀ ಶಿಫ್ಟ್ ಮಾಡಿ ರಿಟೈರ್ ಆದ ಗಂಡನಿಗೆ ಈ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟು. ಮೊದಲು ಹಸು, ಆಮೇಲೆ ನಾನು.

ಆದರೆ ಚಂದ್ರಿ ಈಗ ಮಹಾರಾಣಿಯೇ ಸರಿ. ಹಣೆಯ ಮೇಲೆ ಬಿಳಿ ಬೊಟ್ಟಿರುವ ಈ ಹಸು ಎರಡು ವರ್ಷ ನಮ್ಮನ್ನು ಸತಾಯಿಸಿತು. ಬೆದೆಗೆ ಬರುತ್ತಿತ್ತು, ಇಂಜೆಕ್ಷನ್ ಹಾಕಿಸುತ್ತಿದ್ದೆವು, ಗಬ್ಬ ನಿಲ್ಲುತ್ತಿರಲಿಲ್ಲ. ಮತ್ತೆ ಬೆದೆ, ಮತ್ತೆ ಇಂಜೆಕ್ಷನ್. ಮಾರಿಬಿಡೋಣ ಅಂದರೆ ಇಂದ್ರಿ ಊಟ ಬಿಟ್ಟು ಕೂರುತ್ತಿದ್ದಳು. ಕೊನೆಗೂ ನಿಂತಿತು. ಈಗ ಏಳು ತಿಂಗಳು. ಹೂಟಗಳ್ಳಿಯಲ್ಲಿ ನಮ್ಮ ಹೊಲ ಇದ್ದ ಕಡೆ ಕಾರ್ಖಾನೆ ಎದ್ದು, ಅದೇ ಕಾರ್ಖಾನೆಗೆ ನಾನು ಸೇರಿ, ಈಗ ಅಲ್ಲಿಂದಲೂ ಹೊರಗೆ ಬಂದಾಯಿತು. ಉಳಿದಿರುವುದು ಈ ಮನೆ, ಹಿಂದೆ ಶೀಟು ಹಾಕಿದ ಕೊಟ್ಟಿಗೆ, ಈ ಒಂದು ಹಸು.

ಬೀದಿಯ ತುಂಬಾ ಬಾಡಿಗೆ ರೂಮುಗಳಾಗಿವೆ. ಹಸು ಕಟ್ಟಿರುವ ಮನೆಗಳು ಇನ್ನು ಕೆಲವೇ. ಯಾರ ಹಸು ಕರು ಹಾಕಿದರೂ ಇಂದ್ರಿಗೇ ಕರೆ. ಕೈ ಸಣ್ಣದು, ಕೈಗುಣ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಕರು ಅಡ್ಡ ಸಿಕ್ಕಿಕೊಂಡಿದ್ದರೆ ಒಳಗೆ ಕೈ ಹಾಕಿ ನೆಟ್ಟಗೆ ಮಾಡುತ್ತಾಳೆ. ಅದಕ್ಕೇ ಹೊಸ ಹಾಲಿನ ಗಿಣ್ಣು ಮಾಡಿದಾಗ ಮೊದಲ ಬಟ್ಟಲು ನಮ್ಮನೆಗೆ ಬರುತ್ತದೆ. ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು ಅಂತ ಒಂದು ಹಿಡಿ ಅಕ್ಕಿ ಹಾಕಿ ಕಳಿಸುತ್ತಾಳೆ. ಅವತ್ತು ಇಡೀ ದಿನ ಅವಳ ಗತ್ತು ನೋಡಬೇಕು, ನನ್ನ ಕಾಫಿ ಎಂಟಕ್ಕೆ!

ಜೂನ್ ೯

ಹೋಯಿತು.

ಬೆಳಗ್ಗೆ ಇಂದ್ರಿ ಕೂಗಿದ ಕೂಗಿಗೆ ಹಲ್ಲುಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಓಡಿದೆ. ಚಂದ್ರಿ ಕಂದು ಹಾಕಿತ್ತು. ದಿನ ತುಂಬದ ಕರು ಗಂಜಲದ ಕಾಲುವೆಯ ಪಕ್ಕ ಸತ್ತು ಬಿದ್ದಿತ್ತು. ಮೈಮೇಲೆ ಕೂದಲು ಈಗಷ್ಟೇ ಮೂಡುತ್ತಿತ್ತು, ಗೊರಸು ಮೆತ್ತಗಿತ್ತು. ಹಣೆಯಲ್ಲಿ ತಾಯಿಯದೇ ಬೊಟ್ಟು. ಅದನ್ನು ನೋಡಬಾರದಿತ್ತು.

ಕರುವಿನ ಹಿಂದೆಯೇ ಬೀಳಬೇಕಾದ ಮಾಸಿನ ಚೀಲ ಮಧ್ಯಾಹ್ನವಾದರೂ ಬೀಳಲಿಲ್ಲ. ಅರ್ಧ ಹೊರಗೆ ನೇತಾಡುತ್ತಿತ್ತು. ಪಶು ಆಸ್ಪತ್ರೆಗೆ ಫೋನ್ ಮಾಡುತ್ತೇನೆ ಅಂದೆ. ಇಂದ್ರಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ಬಳೆ ತೆಗೆದಿಟ್ಟು, ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬರಿಗೈ ಹಾಕಿದಳು. ಎಷ್ಟೋ ಹೊತ್ತು ಹಿಡಿಯಿತು. ಚೂರು ಚೂರಾಗಿ ಬಿಡಿಸಿ ತೆಗೆದಳು. ಮುಖದ ಮೇಲೆಲ್ಲ ರಕ್ತ ಹಾರಿತ್ತು, ಸೆರಗಿನಲ್ಲೇ ಒರೆಸಿಕೊಂಡಳು.

"ಹೊರ್ಗಡೆ ಹೇಳ್ಬ್ಯಾಡಿ" ಅಂದಳು. "ಕಂದು ಹಾಕಿದ ಮನೆಯವಳ ಕೈನ ಯಾರ್ರೀ ಕರೀತಾರೆ? ದಿನ ತುಂಬಿತ್ತು, ಕರು ಸತ್ತು ಹುಟ್ತು ಅನ್ನಿ."

"ಜನಕ್ಕೆ ತಿಂಗಳು ಲೆಕ್ಕ ಬರಲ್ವೇನೇ?"

"ಅಷ್ಟೊಂದು ಇಂಜೆಕ್ಷನ್ ಹಾಕ್ಸಿದ್ವಲ್ಲ, ಯಾವುದಕ್ಕೆ ನಿಲ್ತು ಅಂತ ಯಾರ್ ಕಂಡವ್ರೆ? ಹಿಂದಿನದಕ್ಕೇ ನಿಂತಿತ್ತು ಅನ್ನಿ."

ಇವಳ ತಲೆ ಕಾರ್ಖಾನೆಯಲ್ಲಿ ಇರಬೇಕಿತ್ತು. ಆಗಲಿ ಅಂದೆ. ಕೊಟ್ಟಿಗೆಯ ಹಿಂದೆ ನಾನೇ ಗುಂಡಿ ತೋಡಿ ಕರುವನ್ನು ಹೂತೆ.

ಜೂನ್ ೧೦

ದಿನ ತುಂಬಿ ಕರು ಹಾಕಿದ ಹಸುವಿನ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಗೋಣಿದಾರ ಬಿಗಿದು, ಆಲದ ಮರಕ್ಕೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ಆ ಮರ ಗೀರಿದರೆ ಹಾಲು ಬರುತ್ತದಲ್ಲ, ಹಾಗೆ ಕೆಚ್ಚಲೂ ತುಂಬಿರಲಿ ಅಂತ. ಕಂದು ಹಾಕಿದರೆ ಯಾರೂ ಕಟ್ಟುವುದಿಲ್ಲ, ಹೂಳುತ್ತಾರೆ.

ಇಂದ್ರಿ ಕಟ್ಟಿದಳು. ಹಾಡಹಗಲೇ, ಎಲ್ಲರೂ ನೋಡಲಿ ಅಂತಲೇ. ಲೇಔಟಿನ ಖಾಲಿ ಸೈಟುಗಳ ನಡುವೆ ಉಳಿದಿರುವ ಆ ಒಂದೇ ಆಲದ ಮರಕ್ಕೆ ನಾನು ಏಣಿ ಹಿಡಿದೆ, ಅವಳು ಹತ್ತಿದಳು. ಮಂಜುಳಮ್ಮ ತನ್ನ ಎರಡು ಹಸುಗಳನ್ನು ಅಲ್ಲೇ ಮೇಯಲು ಬಿಟ್ಟಿದ್ದಳು. ಗಂಟು ನೋಡಿ, "ಅಯ್ಯೋ, ಕರು ಉಳೀಲಿಲ್ವಂತಲ್ಲಾ ಇಂದ್ರಕ್ಕ, ಹಸು ಉಳ್ಕೊಂತಲ್ಲ, ಬುಡಿ" ಅಂದಳು. ಹಿಂದಿನ ಬೀದಿಯವಳು. ಇಂದ್ರಿಗೆ ತಂಗಿಯ ಹಾಗೆ. ಸಂಜೆ ಹುರುಳಿಕಟ್ಟಿನ ಸಾರು ಒಂದು ಸ್ಟೀಲ್ ಬಟ್ಟಲಲ್ಲಿ ತಂದುಕೊಟ್ಟು ಹೋದಳು.

ಒಳ್ಳೆ ಸಾರು. ನಾನೇ ಎರಡು ಸಲ ಬಡಿಸಿಕೊಂಡೆ.

ಜೂನ್ ೨೧

ನಾಯಿಗಳು ಗಂಟನ್ನು ಕೆಳಗೆ ಎಳೆದಿವೆ. ದಾರ ಕೊಳೆತಿತ್ತೋ, ಕಾಗೆಗಳು ಕಿತ್ತವೋ. ಸೈಟಿನ ಹುಲ್ಲಿನ ಮೇಲೆಲ್ಲ ಎಳೆದಾಡಿದ್ದವು. ಕಲ್ಲು ಹೊಡೆದು ಓಡಿಸಿ, ಉಳಿದದ್ದನ್ನು ಮೋರಿಗೆ ತಳ್ಳಿ ಬಂದೆ. ಮಂಜುಳಮ್ಮನ ಹಸುಗಳು ಏನೂ ಆಗದವರ ಹಾಗೆ ಪಕ್ಕದಲ್ಲೇ ಮೇಯುತ್ತಿದ್ದವು.

ಚಂದ್ರಿಯ ಬಾಲದ ಕೆಳಗೆ ಕೀವಿನಂಥದು ಸೋರುತ್ತಿದೆ. ವಾಸನೆ. ಇಂದ್ರಿ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ತೊಳೆಯುತ್ತಿದ್ದಾಳೆ. ಅವಳಿಗೆ ಮೈಕೈ ನೋವಂತೆ.

ಜುಲೈ ೩

ಸಂಜೆಯಾದರೆ ಇಂದ್ರಿಗೆ ಜ್ವರ. ಬೆಳಗ್ಗೆ ನೋಡಿದರೆ ಇಲ್ಲ. ಮಾತ್ರೆ ನುಂಗುತ್ತಾಳೆ, ಬೆವರುತ್ತಾಳೆ, ಸೀರೆ ಒದ್ದೆಯಾಗುತ್ತದೆ, ಏಳುತ್ತಾಳೆ. ಮರುದಿನ ಸಂಜೆ ಮತ್ತೆ ಅದೇ ಕಥೆ. ಈ ಜ್ವರಕ್ಕೂ ಶಿಫ್ಟ್ ಇದೆಯೇ ಅಂತ ತಮಾಷೆ ಮಾಡಿದೆ. ನಗಲಿಲ್ಲ. ನನ್ನ ತಮಾಷೆಗೆ ಅವಳು ಯಾವತ್ತು ನಕ್ಕಿದ್ದಾಳೆ?

ಸಾರು ಉಪ್ಪುಪ್ಪಾಗಿತ್ತು. ಹೇಳಿದೆ. ತಟ್ಟೆ ತೆಗೆದುಕೊಂಡು ಹೋದಳು.

ಜುಲೈ ೧೨

ಆಷಾಢದ ಮೊದಲ ಶುಕ್ರವಾರ. ನಾನು ಕಂಡಂತೆ ಇಂದ್ರಿ ಒಂದು ವರ್ಷವೂ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವುದನ್ನು ತಪ್ಪಿಸಿದವಳಲ್ಲ. ಮಗಳು ಬಿಂದು ಹೊಟ್ಟೆಯಲ್ಲಿದ್ದಾಗಲೂ ಹತ್ತಿದ್ದಳು. ಇವತ್ತು ಎದ್ದು ಸ್ನಾನ ಮಾಡಿ, ಸೀರೆ ಉಟ್ಟು, ಜಗಲಿಯ ಮೇಲೆ ಕೂತವಳು ಏಳಲೇ ಇಲ್ಲ. "ಸೊಂಟ ಹಿಡ್ಕೊಂಡದೆ, ಮುಂದಿನ ವಾರ ಹೋಗ್ತೀನಿ" ಅಂದಳು. ಮಂಜುಳಮ್ಮ ಒಬ್ಬಳೇ ಹೋಗಿ ಕುಂಕುಮ ತಂದುಕೊಟ್ಟಳು.

ಕಾಫಿ ನಾನೇ ಮಾಡಿದೆ. ಅವಳದಕ್ಕಿಂತ ವಾಸಿ.

ಜುಲೈ ೨೪

ಚಂದ್ರಿ ಬೆದೆಗೆ ಬಂದು ಕೂಗುತ್ತಿತ್ತು. ಇಂದ್ರಿ ಮಲಗಿದ್ದಾಗ ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಹೊಸದಾಗಿ ಬಂದಿರುವ ಡಾಕ್ಟರು, ವರ್ಷಿಣಿ ಅಂತ. ಸಣ್ಣ ಹುಡುಗಿ. ಭುಜದವರೆಗೆ ಕೈಗವಸು ಹಾಕಿಕೊಂಡು ಕೈಯಿಟ್ಟು ನೋಡಿದರು. ಗರ್ಭಕೋಶದ ತುಂಬಾ ಕೀವು ಅಂದರು. ಈಗ ಇಂಜೆಕ್ಷನ್ ಹಾಕಿದರೂ ಕಟ್ಟುವುದಿಲ್ಲ, ಮೊದಲು ಇದು ಒಣಗಬೇಕು ಅಂತ ಒಳಗೆ ಔಷಧಿ ಬಿಟ್ಟರು.

"ಯಜಮಾನ್ರೇ, ಕರು ದಿನ ತುಂಬಿ ಹುಟ್ತಾ?"

"ಹೂಂ, ಸತ್ತು ಹುಟ್ತು."

"ಏಳು ತಿಂಗಳಿಗೇನಾದ್ರೂ ಕಂದು ಹಾಕಿದ್ರೆ ಹೇಳ್ಬಿಡಿ. ಕಂದು ರೋಗ ಅಂತ ಒಂದಿದೆ. ರಕ್ತ ತೆಗೆದು ನೋಡ್ಬೇಕಾಗುತ್ತೆ. ಬೇರೆ ಹಸುಗಳಿಗೂ ಅಂಟುತ್ತೆ, ಮಾಸು ಮುಟ್ಟಿದ ಜನಕ್ಕೂ ಅಂಟುತ್ತೆ."

ಹಿಂದೆ ತಿರುಗಿ ನೋಡಿದರೆ ಇಂದ್ರಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಎದ್ದು ಬಂದಳೋ. ನನ್ನನ್ನೇ ನೋಡುತ್ತಿದ್ದಳು.

"ದಿನ ತುಂಬಿತ್ತು ಮೇಡಂ" ಅಂದೆ.

ಜನಕ್ಕೂ ಅಂಟುತ್ತೆ ಅಂದರು. ಆ ಹುಡುಗಿ ಪುಸ್ತಕದಲ್ಲಿ ಓದಿದ್ದನ್ನು ಹೇಳಿರಬೇಕು. ಇಂದ್ರಿ ಹುಟ್ಟಿದಾಗಿನಿಂದ ಹಸುಗಳ ಜೊತೆ ಇದ್ದಾಳೆ, ಇಷ್ಟು ದಿನ ಏನಾಗಿತ್ತು? ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಆಗಸ್ಟ್ ೭

ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಬಸ್ ಹತ್ತುವಾಗ ಇಂದ್ರಿ ನನ್ನ ಭುಜ ಹಿಡಿದುಕೊಂಡಳು. ಬೀದಿಯಲ್ಲಿ ನಾಲ್ಕು ಜನ ನೋಡುವಾಗ ಅವಳು ನನ್ನನ್ನು ಮುಟ್ಟಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ ಇರಬೇಕು. ಎಷ್ಟು ಹಗುರವಾಗಿದ್ದಾಳೆ.

ಡಾಕ್ಟರ್ ಶಿವಕಿರಣ್ ಎಲ್ಲ ಕೇಳಿದರು. ಚಿಕೂನ್‌ಗುನ್ಯಾ ಇಲ್ಲ, ಟೈಫಾಯಿಡ್ ಇಲ್ಲ. ಆಮೇಲೆ, "ಮನೇಲಿ ಹಸು ಇದೆಯಾ?" ಅಂದರು.

"ಒಂದದೆ" ಅಂದಳು ಇಂದ್ರಿ.

"ಈಚೆಗೆ ಗರ್ಭ ಏನಾದ್ರೂ ಹೋಗಿತ್ತಾ ಅದಕ್ಕೆ?"

"ಇಲ್ಲ ಡಾಕ್ಟ್ರೇ."

ತಟ್ಟನೆ ಹೇಳಿಬಿಟ್ಟಳು. ಡಾಕ್ಟರು ನನ್ನ ಕಡೆ ನೋಡಿದರು. ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು, ಸೇಬು ಹಣ್ಣಿನ ಚಿತ್ರದ್ದು. ಅದನ್ನು ನೋಡುತ್ತಾ ಕೂತೆ. ನೋವಿಗೆ ಒಂದು ಇಂಜೆಕ್ಷನ್, ಒಂದಷ್ಟು ಮಾತ್ರೆ ಕೊಟ್ಟು ಕಳಿಸಿದರು.

ಥೂ ನನ್ನ.

ಆಗಸ್ಟ್ ೧೯

ಹೇಳಿಬಿಡೋಣ ಕಣೇ ಅಂದೆ. ರಾಗಿಮುದ್ದೆ ತಟ್ಟೆಗೆ ಹಾಕಿಕೊಟ್ಟು, ಪಕ್ಕದಲ್ಲಿ ಕೂತು, ಮೆಲ್ಲಗೇ ಹೇಳಿದೆ. (ಮುದ್ದೆ ಗಂಟಾಗಿತ್ತು. ನೀರು ಕುದಿಯುವ ಮುಂಚೆ ಹಿಟ್ಟು ಹಾಕಬಾರದಂತೆ, ಅವಳೇ ಹೇಳಿದಳು.)

"ಹೇಳಿ" ಅಂದಳು. "ನಾಳೆ ಎಲ್ರೂ ಬಂದು ಬಾಗ್ಲಲ್ಲಿ ನಿಂತ್ಕಂಡು ಏನಂತಾರೆ ಗೊತ್ತಾ? ರೋಗದ ಹಸೂಗೆ ಕೈಯಿಟ್ಟು, ಅದೇ ಕೈಯ ನಮ್ಮ ಹಸೂಗೂ ಇಟ್ಳು ಅಂತಾರೆ. ಜುಲೈನಲ್ಲಿ ಆ ಕಡೇ ಬೀದಿಯವ್ರ ಹಸೂಗೆ ಕರು ತೆಗೆದಿಲ್ವಾ ನಾನು? ಓದು ಬರಾ ಇಲ್ಲ, ಒಡವೆ ವಸ್ತ್ರ ಇಲ್ಲ. ನಂಗೆ ಅಂತ ಇರೋದು ಇದೊಂದೇ ಕಣ್ರೀ." ಕೈ ತೋರಿಸಿದಳು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ತಾಯಿ ಚಾಮುಂಡಿ ಮೇಲೆ ಆಣೆ ಇಡಿಸಿಕೊಂಡಳು.

ಇಟ್ಟೆ. ಇನ್ನೇನು ಮಾಡಲಿ?

ಆಗಸ್ಟ್ ೩೦

ಜ್ವರ.

ಸೆಪ್ಟೆಂಬರ್ ೫

ಮಗಳು ಬಿಂದು ಸಿದ್ಧಾರ್ಥನಗರದಿಂದ ಬಂದಿದ್ದಳು. ತಾಯಿಯನ್ನು ನೋಡಿ ಒಳಗೆ ಹೋಗಿ ಅತ್ತು ಬಂದಳು. ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ, "ಚಂದ್ರೀನ ಯಾರ್ ನೋಡ್ಕತಾರೆ?" ಅಂತ ಇಂದ್ರಿ. ನಾನಿಲ್ಲವೇ? ನಾನೇ ತಾನೇ ಈಗ ಸಗಣಿ ಬಾಚುವುದು, ಹುಲ್ಲು ತರುವುದು, ಇವಳ ತಲೆ ಬಾಚುವುದು? ಜಡೆ ಸೊಟ್ಟಗಿದೆ ಅಂತ ಬಿಂದು ನಕ್ಕಳು. ಹಾಕಲು ಬರುವುದು ಅಷ್ಟೇ.

ಹೋಗುವಾಗ ಬಿಂದು, "ಅಪ್ಪ, ಅಮ್ಮಂಗೆ ಏನಾಗಿದೆ ಅಂತ ನಿಂಗೆ ಗೊತ್ತಾ?" ಅಂದಳು. ಇಲ್ಲ ಅಂದೆ. ಎಷ್ಟು ಜನರಿಗೆ ಇಲ್ಲ ಅಂದೆನೋ.

ಇಂದ್ರಿಗೆ ಇನ್ನೊಂದು ಚಿಂತೆ. ಅಟ್ಟಣಿಗೆಯ ಮೇಲೆ ಮಂಜುಳಮ್ಮನ ಬಟ್ಟಲು ಹಾಗೇ ಉಳಿದಿದೆ. ಅದರ ಮೇಲೆ ಅವಳ ಹೆಸರು ಕೊರೆದಿದೆ. "ಸಾರಿನ್ ಬಟ್ಲು ಬರಿದಾಗಿ ಎಂಗೆ ಕೊಡಾದು? ಎದ್ದು ಏನಾದ್ರೂ ಮಾಡಿ ಹಾಕ್ಕೊಡ್ತೀನಿ" ಅಂತ ದಿನಾ ಅನ್ನುತ್ತಾಳೆ. ಮಲಗಿದ ಕಡೆಯಿಂದ ಅದು ನೇರ ಕಣ್ಣಿಗೆ ಬೀಳುತ್ತದೆ.

ಸೆಪ್ಟೆಂಬರ್ ೧೭

ಆಣೆ ಮುರಿದೆ.

ಮಧ್ಯಾಹ್ನ ಮಂಜುಳಮ್ಮ ತಲೆ ಕೆದರಿಕೊಂಡು ಓಡಿಬಂದಳು. "ಇಂದ್ರಕ್ಕಾ, ಬೇಗ ಬನ್ನಿ, ನಮ್ ದೊಡ್ಡ ಹಸು ಕಂದು ಹಾಕ್ಬುಡ್ತು! ಮಾಸು ಅಂಗೇ ನೇತಾಡ್ತಾ ಐತೆ!" ಬೆಳಗ್ಗೆಯಿಂದ ನೀರು ಕುಡಿಯಲೂ ಏಳದಿದ್ದ ಇಂದ್ರಿ ಎದ್ದು ನಿಂತಳು. ಗೋಡೆ ಹಿಡಿದುಕೊಂಡು ಬಂದು, ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. ಆ ಊದಿದ ಬೆರಳುಗಳ ಮೇಲೆ ಬಳೆ ಜಾರಿಸಲು ಎಷ್ಟು ಒದ್ದಾಡಿದಳು ಅಂತ ನೋಡಿದೆ. ಮುಖದಲ್ಲಿ ಮಾತ್ರ ಕಳೆ ಬಂದಿತ್ತು. ಎಷ್ಟೋ ದಿನಗಳ ಮೇಲೆ ಬಂದ ಕಳೆ.

ನಾನು ಬಾಗಿಲಿಗೆ ಅಡ್ಡ ನಿಂತೆ.

"ಬ್ಯಾಡ ಕಣೇ."

"ಬುಡ್ರೀ ದಾರಿ. ಹಸು ನರಳ್ತಾ ಐತಂತೆ."

"ಬ್ಯಾಡ ಅಂದ್ನಲ್ಲ! ಮಂಜುಳಮ್ಮ, ಪಶು ಡಾಕ್ಟ್ರನ್ನ ಕರ್ಸು. ಯಾರೂ ಬರಿಗೈಲಿ ಮುಟ್ಟಬ್ಯಾಡಿ. ನಮ್ ಚಂದ್ರೀನೂ ಕಂದು ಹಾಕಿದ್ದೇ. ಏಳು ತಿಂಗ್ಳಿಗೆ. ಸುಳ್ಳು ಹೇಳಿದ್ವಿ. ಇವ್ಳಿಗೆ ಬಂದಿರೋದೂ ಅದೇ ರೋಗ."

ಮಂಜುಳಮ್ಮ ನಮ್ಮಿಬ್ಬರನ್ನೂ ನೋಡಿದಳು.

"ಮತ್ತೆ ಮರಕ್ಕೆ ಗಂಟು ಕಟ್ಟಿದ್ರಲ್ಲ ಅಕ್ಕ?" ಅಂದಳು. "ನನ್ ಹಸುಗ್ಳು ಅಲ್ಲೇ ಅಲ್ವಾ ಮೇಯೋದು? ನೀವು ಕಟ್ಟೋವಾಗ ನಾನು ಅಲ್ಲೇ ಇದ್ನಲ್ಲಕ್ಕ!"

ಮಂಜುಳಮ್ಮ ಹೊರಟುಹೋದಳು. ಇಂದ್ರಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ನಿಮ್ಮತ್ರ ಒಂದೇ ಒಂದು ಕೇಳಿದ್ದೆ" ಅಂದಳು. ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಳೆಗಳು ಇನ್ನೂ ನನ್ನ ಅಂಗಿ ಜೇಬಿನಲ್ಲೇ ಇವೆ, ವಾಪಸ್ ತೊಡಲು ಬೆರಳು ಬಿಡುವುದಿಲ್ಲ.

ಸೆಪ್ಟೆಂಬರ್ ೨೬

ರಕ್ತದ ಪರೀಕ್ಷೆ ಬಂತು. ಚಂದ್ರಿಗೆ ಇದೆ. ಮಂಜುಳಮ್ಮನ ದೊಡ್ಡ ಹಸುವಿಗೆ ಇದೆ, ಚಿಕ್ಕದಕ್ಕೆ ಇಲ್ಲ. ಇಂದ್ರಿಗೆ ಇದೆ. ಬೆನ್ನುಮೂಳೆಗೂ ಇಳಿದಿದೆಯಂತೆ. ಡಾಕ್ಟರ್ ಶಿವಕಿರಣ್ ನನ್ನನ್ನು ಹೊರಗೆ ಕರೆದು, "ಅವತ್ತೇ ಹೇಳಿದ್ರೆ ಇಷ್ಟು ದೂರ ಹೋಗ್ತಿರ್ಲಿಲ್ಲ" ಅಂದರು. ಗದರಿಸಲಿಲ್ಲ. ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ, ನಡುವೆ ಬಿಟ್ಟರೆ ಮತ್ತೆ ಮೊದಲಿನಿಂದ. ವಾಸಿಯಾದ ಮೇಲೂ ಸೊಂಟ ಹೇಗಿರುತ್ತೆ ಅಂತ ಈಗ ಹೇಳಲಾಗುವುದಿಲ್ಲವಂತೆ.

ಇಂದ್ರಿ ಕರು ತೆಗೆದಿದ್ದ ಆ ಕಡೆಯ ಬೀದಿಯ ಹಸುವಿನ ರಕ್ತವನ್ನೂ ತೆಗೆದರು. ಅದಕ್ಕೆ ಏನೂ ಇಲ್ಲ. ಇಂದ್ರಿಗೆ ಮೊದಲು ಅದನ್ನೇ ಹೇಳಿದೆ. ಗೋಡೆ ಕಡೆ ತಿರುಗಿಕೊಂಡಳು.

ನನ್ನ ಹತ್ತಿರ ಮಾತಿಲ್ಲ. ಮಾತ್ರೆ ಕೊಟ್ಟರೆ ಬಾಯಿ ಬಿಗಿದುಕೊಳ್ಳುತ್ತಾಳೆ. ಇವತ್ತು ರಂಪ ಮಾಡಿ, ಕಾಲು ಹಿಡಿದುಕೊಂಡು, ಬಿಂದುವಿನ ಮೇಲೆ ಆಣೆ ಹಾಕಿ ನುಂಗಿಸಿದೆ. "ನಿಮ್ ಆಣೆ" ಅಂತ ಮಾತ್ರ ಅಂದಳು. ಅಷ್ಟಾದರೂ ಬಾಯಿ ಬಿಟ್ಟಳಲ್ಲ.

ಅಕ್ಟೋಬರ್ ೧೧

ಆಯುಧಪೂಜೆ. ಬೀದಿಯಲ್ಲಿ ಬೈಕು ಆಟೋಗಳಿಗೆಲ್ಲ ಬಾಳೆಕಂದು. ಯಾವ ಮನೆಯಿಂದಲೂ ಪ್ರಸಾದ ಬರಲಿಲ್ಲ. ಮೊದಲೆಲ್ಲ ಪುರಿ-ಕಡಲೆ ಇಡಲು ಡಬ್ಬಿ ಸಾಲುತ್ತಿರಲಿಲ್ಲ. ನಮ್ಮಲ್ಲಿ ಹಾಲು ಕೊಳ್ಳುತ್ತಿದ್ದ ಮನೆಯವರೂ ನಿಲ್ಲಿಸಿದರು. ಅದು ನ್ಯಾಯವೇ.

ಒಬ್ಬ ದಲ್ಲಾಳಿ ಬಂದು, ಚಂದ್ರಿಯನ್ನು ದೂರದ ಊರಿಗೆ ಸಾಗಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಅಂದ. ಅಲ್ಲಿಯೂ ಒಬ್ಬ ಇಂದ್ರಿ ಇರುತ್ತಾಳಲ್ಲ. ಆಚೆ ನಡಿ ಅಂದೆ. ವರ್ಷಿಣಿ ಮೇಡಂ ಹೇಳಿದ ಹಾಗೆ ಕೊಟ್ಟಿಗೆಗೆ ಸುಣ್ಣ, ಔಷಧಿ ಹಾಕಿದ್ದೇನೆ. ಕೈಗವಸು ಹಾಕಿಕೊಂಡೇ ಸಗಣಿ ಬಾಚುತ್ತೇನೆ. ಚಂದ್ರಿಯನ್ನು ಹೊರಗೆ ಬಿಡುವಂತಿಲ್ಲ. ಇನ್ನು ಅದಕ್ಕೆ ಬೆದೆಯೂ ಬೇಡ, ಕರುವೂ ಬೇಡ. ಇರುವಷ್ಟು ದಿನ ಒಳಗೇ ನಿಂತಿರುತ್ತದೆ.

ಇಂದ್ರಿ ಎರಡು ತುತ್ತು ಚಿತ್ರಾನ್ನ ತಿಂದಳು. ಒಗ್ಗರಣೆ ಸೀದಿರಲಿಲ್ಲ. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟು, ನಿದ್ದೆ ಬರುವವರೆಗೆ ಕಾಲು ಒತ್ತಿದೆ. ನಿದ್ದೆಯಲ್ಲಿ ಬಲಗೈಯ ಬೆರಳುಗಳನ್ನು ಒಟ್ಟಿಗೆ ಸೇರಿಸಿ ಮುಂದಕ್ಕೆ ಚಾಚಿದಳು, ಹಸುವಿನ ಒಳಗೆ ಕೈ ಹಾಕುವಾಗ ಮಾಡುತ್ತಾಳಲ್ಲ, ಹಾಗೆ. ನನಗೆ ಅಳು ಬಂತು. ಅತ್ತುಬಿಟ್ಟೆ.

ಅಕ್ಟೋಬರ್ ೨೬

ಮಂಜುಳಮ್ಮನ ಚಿಕ್ಕ ಹಸು ಕರು ಹಾಕುತ್ತಿತ್ತು. ನಮ್ಮ ಹಿತ್ತಲ ಗೋಡೆಯ ಆಚೆಗೇ ಅವರ ಕೊಟ್ಟಿಗೆ. ನರಳುವುದು ಬೆಳಗ್ಗೆಯಿಂದ ಕೇಳುತ್ತಿತ್ತು. ಇಂದ್ರಿ ಮಲಗಿದಲ್ಲೇ ಕಿವಿಗೊಟ್ಟು, ಯಾರಿಗೂ ಅಲ್ಲದ ಹಾಗೆ ಹೇಳಿದಳು, "ಸುಮ್ಸುಮ್ನೆ ಎಳೀತಾವ್ರೆ. ಅದು ನೋವು ಬಂದು ಮುಕ್ಕಿದಾಗ ಮಾತ್ರ ಎಳೀಬೇಕು."

ಹಿತ್ತಲಿಗೆ ಹೋಗಿ ಗೋಡೆಯ ಮೇಲಿಂದ ಕೂಗಿ ಹೇಳಿದೆ. "ಮುಕ್ಕಿದಾಗ ಮಾತ್ರ ಎಳೀಬೇಕಂತೆ!"

"ಡಾಕ್ಟ್ರು ಬರ್ತಾವ್ರೆ. ನೀವು ಒಳಗೋಗಿ" ಅಂತ ಯಾರೋ ಅಂದರು.

ಸ್ವಲ್ಪ ಹೊತ್ತಿಗೆ ಮೇಡಂ ಗಾಡಿ ಬಂತು. ಆಮೇಲೆ ನರಳುವುದು ನಿಂತಿತು. ಇಂದ್ರಿ ತಲೆ ಎತ್ತಿದಳು. ತಿಂಗಳ ಮೇಲೆ ಅವಳಾಗಿ ಅವಳೇ ನನ್ನನ್ನು ಕೇಳಿದ ಮೊದಲ ಮಾತು:

"ಎಂತ ಕರು?"

ಹೆಣ್ಣು ಅಂತ ಹೇಳಿಬಿಡಬೇಕು ಅನ್ನಿಸಿತು. ಅವಳಿಗೆ ಹೆಣ್ಣುಗರು ಅಂದರೆ ಪ್ರಾಣ.

"ಗೊತ್ತಿಲ್ಲ ಕಣೇ" ಅಂದೆ. "ಯಾರೂ ಹೇಳ್ಲಿಲ್ಲ."

ಅಕ್ಟೋಬರ್ ೨೮

ಬೆಳಗ್ಗೆ ಮಂಜುಳಮ್ಮ ಗಿಣ್ಣು ಹಂಚುತ್ತಿದ್ದಳು. ಕಿಟಕಿಯಿಂದ ನೋಡಿದೆ. ಎದುರು ಮನೆಗೆ ಕೊಟ್ಟಳು, ಪಕ್ಕದ ಮನೆಗೆ ಕೊಟ್ಟಳು, ಬಾಡಿಗೆ ರೂಮಿನ ಬಿಹಾರದ ಹುಡುಗರಿಗೂ ಕೊಟ್ಟಳು. ನಮ್ಮ ಗೇಟು ದಾಟಿ ಹೋದಳು. ಇಂದ್ರಿಗೆ ಕಾಣಬಾರದು ಅಂತ ಕಿಟಕಿಗೆ ಅಡ್ಡ ನಿಂತಿದ್ದೆ, ಆದರೆ ಮೂಗು ಮುಚ್ಚಲಾಗುತ್ತದೆಯೇ? ಬೀದಿಯೆಲ್ಲ ಗಿಣ್ಣಿನ ವಾಸನೆ.

ಅವಳು ನಿದ್ದೆ ಹೋದಾಗ ಅಟ್ಟಣಿಗೆಯಿಂದ ಮಂಜುಳಮ್ಮನ ಹೆಸರಿನ ಬಟ್ಟಲು ಇಳಿಸಿಕೊಂಡು ಬಸ್ ಹತ್ತಿದೆ. ಗೋಕುಲಂನಲ್ಲಿ ಒಂದು ಸಿಹಿ ಅಂಗಡಿಯಲ್ಲಿ ಗಿಣ್ಣು ಸಿಗುತ್ತದೆ. ಅಂಗಡಿಯವನು ಪೊಟ್ಟಣ ಕಟ್ಟಲು ಹೋದ. ಬೇಡಪ್ಪ, ಇದಕ್ಕೇ ಹಾಕು ಅಂದೆ. ಬಸ್ಸಿನಲ್ಲಿ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಮನೆವರೆಗೂ ಬಂದೆ.

"ಮಂಜುಳಮ್ಮ ಕಳ್ಸವ್ಳೆ" ಅಂದೆ.

ಇಂದ್ರಿ ಬಟ್ಟಲು ನೋಡಿದಳು. ಹೆಸರಿನ ಮೇಲೆ ಬೆರಳಾಡಿಸಿದಳು. ಅಟ್ಟಣಿಗೆಯ ಕಡೆ ನೋಡಿದಳು. ಆಮೇಲೆ ಚಮಚದಲ್ಲಿ ಒಂದು ಚೂರು ಬಾಯಿಗಿಟ್ಟುಕೊಂಡಳು.

"ಮಂಜುಳ ಯಾವತ್ತೂ ಬೆಲ್ಲ ಹಾಕಾಳು. ಈ ಸಲ ಸಕ್ಕರೆ ಹಾಕವ್ಳೆ."

"ಬೆಲ್ಲ ಇರ್ಲಿಲ್ವೇನೋ."

"ಚೆನ್ನಾಗದೆ" ಅಂದಳು. ಪೂರ್ತಿ ತಿಂದಳು. ಜ್ವರ ಬಂದಾಗಿನಿಂದ ಅವಳು ಒಂದು ಬಟ್ಟಲು ಖಾಲಿ ಮಾಡಿದ್ದು ಇದೇ ಮೊದಲು. ನಂಬಿದಳು. ಈ ಸುಳ್ಳಿಗೆ ತಾಯಿ ಚಾಮುಂಡಿ ನನ್ನನ್ನು ಏನೂ ಮಾಡಲಾರಳು ಅಂದುಕೊಂಡೆ.

ಆಮೇಲೆ ಇಂದ್ರಿ ಎದ್ದಳು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬಿ ತೆಗೆದು, ಊದಿದ ಕೈಯಲ್ಲಿ ಒಂದು ಹಿಡಿ ಅಕ್ಕಿ ತುಂಬಿ ಬಟ್ಟಲಿಗೆ ಹಾಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ಇನ್ನೊಂದು ಹಿಡಿ ಹಾಕಿದಳು.

"ಬರಿದಾಗಿ ಕೊಡಬಾರ್ದು. ಹೋಗಿ ಕೊಟ್ಬನ್ನಿ" ಅಂದಳು.

ಹೋಗದೆ ಇರುವ ಹಾಗಿರಲಿಲ್ಲ. ಬಾಗಿಲಲ್ಲೇ ನೋಡುತ್ತಾ ನಿಂತಿದ್ದಳು. ಹಿಂದಿನ ಬೀದಿಗೆ ಹೋಗಿ ಮಂಜುಳಮ್ಮನ ಬಾಗಿಲು ತಟ್ಟಿದೆ. ಬಂದಳು. ಬಟ್ಟಲನ್ನೂ ಅಕ್ಕಿಯನ್ನೂ ನನ್ನ ಮುಖವನ್ನೂ ನೋಡಿದಳು.

"ನಾನೇನೂ ಕಳ್ಸಿರ್ಲಿಲ್ವಲ್ಲ" ಅಂದಳು.

"ಇಲ್ಲಮ್ಮ, ಕಳ್ಸಿರ್ಲಿಲ್ಲ. ಅಂಗ್ಡೀಲಿ ತಂದು, ನೀನು ಕೊಟ್ಟೆ ಅಂತ ಹೇಳ್ದೆ. ಅಕ್ಕಿ ಅವ್ಳೇ ಹಾಕಿದ್ದು."

ಒಳಗಿಂದ ಆ ದೊಡ್ಡ ಹಸು ಕೂಗುತ್ತಿತ್ತು, ನಮ್ಮ ಚಂದ್ರಿಯ ಹಾಗೇ ಇನ್ನು ಸುಮ್ಮನೆ ನಿಂತಿರಬೇಕಾದದ್ದು. ಮಂಜುಳಮ್ಮ ಬಟ್ಟಲು ತೆಗೆದುಕೊಂಡಳು. ಒಳಗೆ ಬನ್ನಿ ಅನ್ನಲಿಲ್ಲ. ಬಾಗಿಲು ಮುಚ್ಚುವ ಮುಂಚೆ, ನೆಲ ನೋಡಿಕೊಂಡು, "ಹೆಣ್ಗರು ಅಂತ ಹೇಳಿ ಅಕ್ಕಂಗೆ" ಅಂದಳು.

ಬಂದು ಹೇಳಿದೆ.

"ಹೆಣ್ಗರು ಕಣೇ."

"ಅಂಗಂತ ಯಾರಂದ್ರು?"

"ಮಂಜುಳಮ್ಮನೇ."

ಇಂದ್ರಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಇದು ನಿಜ ಅಂತ ಗೊತ್ತಾಗಿರಬೇಕು. ಚಾಪೆಯ ಮೇಲೆ ಮೆಲ್ಲಗೆ ಕೂತು, ಮಾತ್ರೆಗೆ ಕೈ ಚಾಚಿದಳು. ಇವತ್ತು ಕೊಟ್ಟ ತಕ್ಷಣ ನುಂಗಿದಳು.